ಹೂಳು ತುಂಬುವ ಬ್ಯಾಟರಿ

ಏಪ್ರಿಲ್‌ನ ಒಂದು ಮಧ್ಯಾಹ್ನ ಹೊಸಪೇಟೆ ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಯೊಂದರಲ್ಲಿ ನನ್ನ ಫೋನು ಬೆನ್ನು ಬಿಚ್ಚಿಕೊಂಡು ಬೋರಲು ಮಲಗಿತ್ತು. ಚಪಾತಿಯಂತೆ ತೆಳ್ಳಗಿರಬೇಕಿದ್ದ ಬ್ಯಾಟರಿ ಪೂರಿಯಂತೆ ಉಬ್ಬಿ, ಮುಂದಿನ ಗಾಜನ್ನೇ ಒಂದು ಬದಿಯಿಂದ ಎತ್ತಿಬಿಟ್ಟಿತ್ತು. ಅಂಗಡಿಯ ಹುಡುಗ ಹಳೆಯ ಎಟಿಎಂ ಕಾರ್ಡನ್ನು ಉದ್ದಕ್ಕೆ ಕತ್ತರಿಸಿ ಮಾಡಿಕೊಂಡ ಪಟ್ಟಿಯನ್ನು ಅದರ ಅಡಿಗೆ ತೂರಿಸಿ, ಅಂಟು ಬಿಡುವ ತನಕ ಇಷ್ಟಿಷ್ಟೇ ಸರಿಸುತ್ತಿದ್ದ. ಸ್ಟೀಲಿನ ಚಿಮಟ ಕೈಗೆಟುಕುವಂತೆಯೇ ಇತ್ತು, ಅದನ್ನು ಮಾತ್ರ ಮುಟ್ಟಲಿಲ್ಲ. "ಹೊಟ್ಟೆ ಬಂದೈತೆ ನೋಡ್ರಿ ಸರ್. ಚುಚ್ಚಿದ್ರೆ ಹೊಗೆ ಎದ್ದುಬಿಡ್ತೈತೆ" ಅಂದ.

ಜೊತೆಗಿದ್ದ ಅಕ್ಕನ ಮಗ ಆಗಲೇ ತೀರ್ಪು ಕೊಟ್ಟು ಮುಗಿಸಿದ್ದ: "ಮಾಮ, ಆ ಎಂಬತ್ತು ವಾಟಿನ ಚಾರ್ಜರ್ ಬೇಡ ಅಂತ ಎಷ್ಟು ಸಲ ಹೇಳಿದ್ದೆ. ಫಾಸ್ಟ್ ಚಾರ್ಜ್ ಮಾಡಿ ಮಾಡಿ ನೀವೇ ಕೆಡಿಸಿದ್ರಿ." ನಾನೂ ತಪ್ಪೊಪ್ಪಿಕೊಳ್ಳುವುದರಲ್ಲಿದ್ದೆ. ಹುಡುಗ ತಲೆ ಎತ್ತದೆಯೇ ಒಂದು ಪ್ರಶ್ನೆ ಕೇಳಿದ: "ಫೋನ್ ಎಲ್ಲಿ ಇಡ್ತೀರಿ ಸರ್?"

ಎಲ್ಲಿಡುತ್ತೇನೆ? ಕಾರಿನ ಮುಂಗಾಜಿನ ಕೆಳಗೆ, ಹೋಲ್ಡರಿನಲ್ಲಿ. ನೆಂಟರು ಬಂದರೆ ಹಂಪಿ ತೋರಿಸುವ ಕೆಲಸ ನನ್ನ ಪಾಲಿನದು. ಮ್ಯಾಪ್ ಹಾಕಿಕೊಂಡು (ಹುಟ್ಟಿದೂರಿನಲ್ಲಿ ಮ್ಯಾಪ್ ಏಕೆ ಎಂದು ಕೇಳಬೇಡಿ), ಚಾರ್ಜರ್ ಸಿಕ್ಕಿಸಿಕೊಂಡು ಹೊರಟರೆ ಗೆಜ್ಜಲ ಮಂಟಪದ ಹತ್ತಿರ ಬಿಸಿಲಲ್ಲೇ ಗಾಡಿ ನಿಲ್ಲಿಸಿ, ಹೆಣ್ಣುಮಕ್ಕಳು ಓಡಿಸುವ ಬ್ಯಾಟರಿ ಗಾಡಿ ಹತ್ತಿ ವಿಜಯವಿಠ್ಠಲ ದೇವಸ್ಥಾನಕ್ಕೆ ಹೋಗಿ ಬರುವುದು. ಎಷ್ಟೋ ಸಲ ಫೋನನ್ನು ಅಲ್ಲೇ ಬಿಟ್ಟು ಹೋಗಿದ್ದೇನೆ. ವಾಪಸ್ ಬಂದು ಮುಟ್ಟಿದರೆ ಕಾದ ಹೆಂಚು.

ಅವತ್ತಿನಿಂದ ಈ ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಬ್ಯಾಟರಿ ಬೇಗ ಸಾಯುವುದಕ್ಕೆ ಫಾಸ್ಟ್ ಚಾರ್ಜಿಂಗೇ ಕಾರಣ ಎಂದು ಮನೆಮನೆಯಲ್ಲೂ ಮಾತಾಡಿಕೊಳ್ಳುತ್ತೇವೆ. ಅದರಲ್ಲಿ ಸತ್ಯದ ಅಂಶ ಸ್ವಲ್ಪವೇ ಇದೆ. ನಮ್ಮ ಸೀಮೆಯಲ್ಲಂತೂ ಬ್ಯಾಟರಿಯನ್ನು ತಿನ್ನುವುದು ಮೊದಲು ಬಿಸಿಲು, ಆಮೇಲೆ ಫೋನನ್ನು ಸದಾ ತುಂಬಿಸಿಯೇ ಇಡಬೇಕೆಂಬ ನಮ್ಮ ಚಟ. ವೇಗದ ಸರದಿ ಅವೆರಡರ ನಂತರದ್ದು. ಸವೆದ ಬ್ಯಾಟರಿಯನ್ನು ಸಲೀಸಾಗಿ ಬದಲಿಸಿಕೊಳ್ಳುವ ಹಕ್ಕನ್ನು ಫೋನ್ ಕಂಪನಿಯವರು ನಮ್ಮಿಂದ ಕಿತ್ತುಕೊಂಡಿದ್ದಾರಲ್ಲ, ಜಗಳ ಆಡಬೇಕಾದದ್ದು ಅದಕ್ಕೆ. ನಾವು ಚಾರ್ಜರ್ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೇವೆ.

ಒಳಗೆ ಏನು ನಡೆಯುತ್ತದೆ ಎಂದು ಮೊದಲು ನೋಡೋಣ. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ, 2019ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಮೂವರಿಗೆ ನೊಬೆಲ್ ತಂದುಕೊಟ್ಟ ಲಿಥಿಯಂ ಅಯಾನ್ ಬ್ಯಾಟರಿಯ ಮೂಲ ಸಂಗತಿ ಸರಳ. ಒಂದು ಕಡೆ ಲೋಹದ ಆಕ್ಸೈಡು, ಇನ್ನೊಂದು ಕಡೆ ಪದರಪದರವಾದ ಗ್ರಾಫೈಟು, ನಡುವೆ ದ್ರಾವಣ. ಚಾರ್ಜ್ ಮಾಡಿದಾಗ ಲಿಥಿಯಂ ಅಯಾನುಗಳು ಆಕ್ಸೈಡಿನಿಂದ ಹೊರಟು ದ್ರಾವಣ ದಾಟಿ ಗ್ರಾಫೈಟಿನ ಪದರಗಳ ಸಂದಿಯಲ್ಲಿ ಹೋಗಿ ಕೂರುತ್ತವೆ. ಫೋನು ಬಳಸಿದಾಗ ಮರಳಿ ಬರುತ್ತವೆ. ಹುಣ್ಣಿಮೆ ದಿನ ಹೊಸಪೇಟೆಯಿಂದ ಹುಲಿಗಿಗೆ ಹೋಗುವ ಬಸ್ಸನ್ನು ನೆನೆದುಕೊಳ್ಳಿ. ಬಸ್ಸು ಖಾಲಿ ಇದ್ದಾಗ ಇಪ್ಪತ್ತು ಜನ ನುಗ್ಗಿದರೂ ಕ್ಷಣದಲ್ಲಿ ಸೀಟು ಹಿಡಿದಿರುತ್ತಾರೆ. ಮುಕ್ಕಾಲು ತುಂಬಿದ ಮೇಲೆ ಒಬ್ಬೊಬ್ಬರೂ ಸಂದಿ ಮಾಡಿಕೊಂಡು ಒಳಗೆ ಸರಿಯಬೇಕು. ಆಗಲೂ ಅದೇ ಭರದಲ್ಲಿ ನೂಕಿದರೆ ಕೆಲವರು ಫುಟ್‌ಬೋರ್ಡಿನಲ್ಲೇ ನಿಲ್ಲುತ್ತಾರೆ. ಬ್ಯಾಟರಿಯಲ್ಲಿ ಹೀಗೆ ಹೊರಗೇ ನಿಂತ ಲಿಥಿಯಂ ಗ್ರಾಫೈಟಿನ ಮೈಮೇಲೆ ಲೋಹವಾಗಿ ಮೆತ್ತಿಕೊಳ್ಳುತ್ತದೆ. ಅದರಲ್ಲಿ ಬಹುಪಾಲು ಮತ್ತೆ ಕೆಲಸಕ್ಕೆ ಬರುವುದಿಲ್ಲ. ವೇಗದ ಮೇಲಿನ ನಿಜವಾದ ಆರೋಪ ಇದು. ಫೋನು ಶೇ 50ರ ತನಕ ಓಡಿ ಶೇ 80 ದಾಟಿದ ಮೇಲೆ ತೆವಳುವುದು ಏಕೆ ಎಂಬುದಕ್ಕೆ ಉತ್ತರವೂ ಇದೇ. ಒಳಗಿನ ಚಿಪ್ಪು ಕಂಡಕ್ಟರನಂತೆ ಬಾಗಿಲಲ್ಲಿ ನಿಂತು ನೂಕಾಟ ತಡೆಯುತ್ತಿರುತ್ತದೆ.

ಎರಡನೆಯ ಸವಕಳಿ ಇನ್ನೂ ನಿಧಾನದ್ದು. ಗ್ರಾಫೈಟಿನ ಮೇಲೆ ದ್ರಾವಣದಿಂದಲೇ ಒಂದು ತೆಳು ಪೊರೆ ಕಟ್ಟುತ್ತದೆ. ಅದು ಬೇಕು, ಅದಿಲ್ಲದಿದ್ದರೆ ಬ್ಯಾಟರಿ ಬಾಳುವುದೇ ಇಲ್ಲ. ಆದರೆ ದಿನ ಕಳೆದಂತೆ ಪೊರೆ ದಪ್ಪವಾಗುತ್ತ, ಓಡಾಡಬೇಕಾದ ಲಿಥಿಯಂ ಅನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತ ಹೋಗುತ್ತದೆ. ಇದನ್ನು ಹೊಸಪೇಟೆಯವರಿಗೆ ವಿವರಿಸಬೇಕಾದ್ದಿಲ್ಲ, ಡ್ಯಾಂ ತೋರಿಸಿದರೆ ಸಾಕು. 1953ರಲ್ಲಿ ತುಂಗಭದ್ರಾ ಜಲಾಶಯ ಮುಗಿದಾಗ ಅದರಲ್ಲಿ ಹಿಡಿಯುತ್ತಿದ್ದದ್ದು ಸುಮಾರು 133 ಟಿಎಂಸಿ ನೀರು. ಈಗಿನ ಲೆಕ್ಕ 105.788 ಟಿಎಂಸಿ. ಉಳಿದ ಜಾಗ ಹೂಳಿನ ಪಾಲು. ಜಲಾಶಯ ತುಂಬಿದೆ ಎಂದು ಬಾಗಿನ ಬಿಡುವ ದಿನವೂ ಅದು ತುಂಬಿರುವುದು ಹುಟ್ಟಿದಾಗಿನ ಅಳತೆಯ ಶೇ 80ರಷ್ಟು ಮಾತ್ರ. ಫೋನು "100%" ಎಂದು ತೋರಿಸುವುದೂ ಹೀಗೆಯೇ. ಅದು ಇವತ್ತಿನ ಪಾತ್ರೆಯ ನೂರು, ಪೆಟ್ಟಿಗೆಯಿಂದ ತೆಗೆದ ದಿನದ ನೂರಲ್ಲ. ವಿಚಿತ್ರವೆಂದರೆ ಫೋನಿನವರೂ ಬ್ಯಾಟರಿಯ ಆಯಸ್ಸನ್ನು ಅಳೆಯುವುದು ಇದೇ ಶೇ 80ರ ಗೆರೆಯಿಂದ. ಇಷ್ಟು ಸಲ ತುಂಬಿ ಖಾಲಿ ಮಾಡಿದ ಮೇಲೆ ಶೇ 80 ಉಳಿದಿರಬೇಕು ಎಂಬುದು ಅವರ ಮಾತು. ಆ್ಯಪಲ್ ಐಫೋನ್ 14ರ ತನಕ 500 ಸುತ್ತು ಎನ್ನುತ್ತಿತ್ತು, 15ರಿಂದ 1000 ಎನ್ನುತ್ತಿದೆ. ಒಪ್ಪೊ 2022ರಲ್ಲಿ 150 ವಾಟಿನ ಚಾರ್ಜಿಂಗ್ ತೋರಿಸಿದಾಗ 1600 ಸುತ್ತು ಎಂದಿತು. ಫೋನಿನ ಲೆಕ್ಕದಲ್ಲಿ ನೋಡಿದರೆ ನಮ್ಮ ಡ್ಯಾಂ ಸರ್ವಿಸ್ ಸೆಂಟರಿಗೆ ಹೋಗುವ ಗೆರೆಯ ಮೇಲೆಯೇ ನಿಂತಿದೆ.

ಹೂಳೆತ್ತುವ ಮಾತೂ ಎರಡೂ ಕಡೆ ಇದೆ. ಕೆಲವು ವರ್ಷಗಳ ಹಿಂದೆ ಈ ಭಾಗದ ರೈತರು ತಾವೇ ಟ್ರ್ಯಾಕ್ಟರ್ ಹೂಡಿ ಜಲಾಶಯದ ಹಿನ್ನೀರಿಗೆ ಇಳಿದು, ಅದಕ್ಕೆ ಹೂಳಿನ ಜಾತ್ರೆ ಎಂದು ಹೆಸರಿಟ್ಟರು. ಅವರ ಸಿಟ್ಟು ನ್ಯಾಯದ್ದು. ಆದರೆ 27 ಟಿಎಂಸಿಯ ಹೂಳನ್ನು ಹೊತ್ತು ಹಾಕುವುದಾದರೂ ಎಲ್ಲಿಗೆ? ಬ್ಯಾಟರಿಯ ಹೂಳೆತ್ತುವ ಆ್ಯಪುಗಳಂತೂ ಶುದ್ಧ ಬೊಗಳೆ. ಪೊರೆಯೊಳಗೆ ಸಿಕ್ಕಿಬಿದ್ದ ಲಿಥಿಯಂ ಅನ್ನು ಯಾವ ಆ್ಯಪೂ ಬಿಡಿಸಿ ತರುವುದಿಲ್ಲ. ಒಮ್ಮೆ ಪೂರ್ತಿ ಸೊನ್ನೆಗೆ ಇಳಿಸಿ ಪೂರ್ತಿ ತುಂಬಿಸಿದರೆ ಸರಿಹೋಗುತ್ತದೆ ಎಂಬ ಉಪದೇಶವೂ ಅಷ್ಟೇ. ಅದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಆ ಬ್ಯಾಟರಿಗಳು ಹೋದವು, ಉಪದೇಶ ಉಳಿದುಕೊಂಡಿತು.

ಹಾಗಾದರೆ ವೇಗ ಎಷ್ಟು ಹೂಳು ತರುತ್ತದೆ? ಲೆಕ್ಕ ಹಾಕೋಣ. 5000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಯುವುದು ಹತ್ತಿರಹತ್ತಿರ 19 ವಾಟ್ ಅವರ್. (ವರ್ಷವಿಡೀ ದಿನಾ ತುಂಬಿಸಿದರೂ ಖರ್ಚಾಗುವುದು ಎಂಟೊಂಬತ್ತು ಯೂನಿಟ್. ಗೃಹಜ್ಯೋತಿಯ ತಿಂಗಳ 200 ಯೂನಿಟ್ಟಿನಲ್ಲಿ ಅದು ಕಣ್ಣಿಗೂ ಕಾಣುವುದಿಲ್ಲ.) 80 ವಾಟಿನ ಚಾರ್ಜರ್ ಕೊನೆಯ ತನಕ ಅದೇ ಭರದಲ್ಲಿ ತುಂಬಿದರೆ ಕಾಲು ಗಂಟೆಯಲ್ಲಿ ಕೆಲಸ ಮುಗಿಯಬೇಕಿತ್ತು. ಮುಗಿಯುವುದಿಲ್ಲ, ಏಕೆಂದರೆ ಆ 80 ವಾಟ್ ಸಿಗುವುದು ಮೊದಲ ಕೆಲವೇ ನಿಮಿಷ. ಕರೆಂಟು ಎರಡು ಪಟ್ಟಾದರೆ ಶಾಖ ಹುಟ್ಟುವ ವೇಗ ನಾಲ್ಕು ಪಟ್ಟಾಗುತ್ತದೆ ಎಂದು ಪಿಯುಸಿಯಲ್ಲಿ ಓದಿದವರಿಗೆ ನೆನಪಿರಬಹುದು. ಹೊತ್ತು ಅರ್ಧವಾಗುವುದರಿಂದ ಒಟ್ಟು ಶಾಖ ಎರಡು ಪಟ್ಟು. ಎಂಜಿನಿಯರುಗಳ ಹತ್ತು ವರ್ಷದ ಬೆವರೆಲ್ಲ ಸುರಿದದ್ದು ಈ ಶಾಖವನ್ನು ಫೋನಿನಿಂದ ಹೊರಗೆ ಸಾಗಿಸುವುದಕ್ಕೆ. 2014ರಲ್ಲಿ ಬಂದ ಒಪ್ಪೊದ ವೂಕ್ ಚಾರ್ಜಿಂಗ್, ವೋಲ್ಟೇಜ್ ಇಳಿಸುವ ಕೆಲಸವನ್ನು ಫೋನಿನಿಂದ ಚಾರ್ಜರಿಗೆ ವರ್ಗಾಯಿಸಿತು. ಬಿಸಿ ಗೋಡೆಯ ಪ್ಲಗ್ಗಿನಲ್ಲಿ ಉಳಿಯಿತು. ಆಮೇಲೆ ಒಂದೇ ಬ್ಯಾಟರಿಯ ಜಾಗಕ್ಕೆ ಎರಡು ಸೆಲ್ ಬಂದವು. 120 ವಾಟ್ ಎಂದು ಡಬ್ಬದ ಮೇಲೆ ಬರೆದಿದ್ದರೂ ಒಂದೊಂದು ಸೆಲ್ಲಿಗೆ ಸಿಗುವುದು ಅದರ ಅರ್ಧ.

ಇಷ್ಟೆಲ್ಲ ಮಾಡಿದ ಫಲ ಕಾಣುತ್ತದೆ. ಎಚ್‌ಟಿಎಕ್ಸ್ ಸ್ಟುಡಿಯೊ ಎಂಬ ಚೀನಾದ ಯೂಟ್ಯೂಬ್ ತಂಡ ಹಲವು ಫೋನುಗಳನ್ನು ಎರಡು ವರ್ಷದ ಪ್ರಯೋಗದಲ್ಲಿ ಮತ್ತೆ ಮತ್ತೆ ತುಂಬಿಸಿ ಖಾಲಿ ಮಾಡಿ, 500 ಸುತ್ತಿನ ನಂತರ ಅಳೆದು ನೋಡಿತು. ವೇಗವಾಗಿ ತುಂಬಿದ್ದಕ್ಕೂ ನಿಧಾನವಾಗಿ ತುಂಬಿದ್ದಕ್ಕೂ ಕಂಡ ವ್ಯತ್ಯಾಸ ಶೇ 1ಕ್ಕಿಂತಲೂ ಕಡಿಮೆ. ಆಂಡ್ರಾಯ್ಡ್ ಫೋನುಗಳಲ್ಲಿ ವೇಗದವೇ ಒಂದು ಕೂದಲೆಳೆ ಮುಂದಿದ್ದವು. ಫೋನನ್ನು ಶೇ 30ಕ್ಕೆ ಇಳಿಸಿ 80ಕ್ಕೆ ನಿಲ್ಲಿಸಿದ ಗುಂಪಿಗೆ ಮಾತ್ರ ಶೇ 2.5ರಿಂದ 4ರಷ್ಟು ಲಾಭವಾಗಿತ್ತು. ಯೂಟ್ಯೂಬಿನವರ ಪರೀಕ್ಷೆ ಎಂದು ಮೂಗು ಮುರಿಯುವವರಿದ್ದಾರೆ. ನನಗೂ ಒಂದು ತಕರಾರಿದೆ, ಆದರೆ ಅದು ಬೇರೆ: ಅದು ಕೋಣೆಯೊಳಗೆ ನಡೆದ ಪರೀಕ್ಷೆ. ನಮ್ಮ ಫೋನುಗಳು ಬದುಕುವುದು ಕೋಣೆಯ ಹೊರಗೆ.

ನನ್ನ ವಾದದ ಬುಡ ಇಲ್ಲಿದೆ. ಐಫೋನಿನ ಬ್ಯಾಟರಿ ಬಗ್ಗೆ ಆ್ಯಪಲ್ ಕೊಡುವ ಸೂಚನೆಯನ್ನು ಓದಿ ನೋಡಿ. ಸುತ್ತಲಿನ ಉಷ್ಣತೆ 0ರಿಂದ 35 ಡಿಗ್ರಿಯೊಳಗೆ ಇರುವ ಕಡೆ ಬಳಸಿ, 16ರಿಂದ 22 ಡಿಗ್ರಿ ಅತ್ಯುತ್ತಮ, 35 ದಾಟಿದರೆ ಬ್ಯಾಟರಿಗೆ ಶಾಶ್ವತ ಹಾನಿಯಾಗಬಹುದು ಎಂದಿದೆ. ಹೊಸಪೇಟೆಯಲ್ಲಿ ಮಾರ್ಚ್ ಬಂತೆಂದರೆ 35 ಹಿಂದೆ ಬಿತ್ತು. ಮೇ ತಿಂಗಳಲ್ಲಿ 40 ಮುಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. 16ರಿಂದ 22 ಡಿಗ್ರಿ ಬೇಕೆಂದರೆ ಡಿಸೆಂಬರಿನ ರಾತ್ರಿಗೆ ಕಾಯಬೇಕು. ಅಂದರೆ ವರ್ಷದಲ್ಲಿ ಮೂರು ತಿಂಗಳು ನಾವು, ಹಂಪಿಯ ಬಂಡೆಗಳ ನಡುವೆ ಓಡಾಡುವ ಗೈಡುಗಳು, ಹ್ಯಾಂಡಲಿಗೆ ಫೋನು ಕಟ್ಟಿಕೊಂಡ ಆಟೊದವರು, ಎಲ್ಲರೂ ಆ ಸೂಚನೆಯ ಆಚೆಗೆ ಬದುಕುತ್ತಿದ್ದೇವೆ. 500, 1000 ಸುತ್ತು ಎಂಬ ಲೆಕ್ಕಗಳೆಲ್ಲ ಇಪ್ಪತ್ತು, ಇಪ್ಪತ್ತೈದು ಡಿಗ್ರಿಯ ತಣ್ಣನೆಯ ಪ್ರಯೋಗಶಾಲೆಯವು.

ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದ ಹಳೆಯ ಅಂದಾಜು. ಪೊರೆ ದಪ್ಪವಾಗುವುದೂ, ದ್ರಾವಣ ಒಡೆದು ಅನಿಲವಾಗಿ ಬ್ಯಾಟರಿ ಉಬ್ಬುವುದೂ ಇಂಥ ಕ್ರಿಯೆಗಳೇ. ಕೆನಡಾದ ಇಸಿಡೋರ್ ಬುಕ್‌ಮನ್ ತಮ್ಮ ಬ್ಯಾಟರಿ ಯೂನಿವರ್ಸಿಟಿ ಪಾಠಗಳಲ್ಲಿ ಒಂದು ಕೋಷ್ಟಕ ಕೊಡುತ್ತಾರೆ. ಬ್ಯಾಟರಿಯನ್ನು ಬಳಸದೆ ಒಂದು ವರ್ಷ ಸುಮ್ಮನೆ ಇಟ್ಟರೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಅದು. 25 ಡಿಗ್ರಿಯಲ್ಲಿ ಶೇ 40 ಚಾರ್ಜ್ ಮಾಡಿ ಇಟ್ಟದ್ದರಲ್ಲಿ ಶೇ 96 ಉಳಿಯುತ್ತದೆ. ಅದೇ 25 ಡಿಗ್ರಿಯಲ್ಲಿ ಪೂರ್ತಿ ತುಂಬಿಸಿ ಇಟ್ಟರೆ 80. 40 ಡಿಗ್ರಿಯಲ್ಲಿ ಶೇ 40 ಚಾರ್ಜಿನದು 85ಕ್ಕೆ ಇಳಿದರೆ, ಪೂರ್ತಿ ತುಂಬಿಸಿದ್ದು 65ಕ್ಕೆ. ಚಾರ್ಜರ್ ಮುಟ್ಟದೆ, ಒಂದು ರೀಲ್ ಕೂಡ ನೋಡದೆ, ಬರೀ ಬಿಸಿ ಮತ್ತು ತುಂಬಿದ ಹೊಟ್ಟೆ ಸೇರಿ ಮೂರನೆಯ ಒಂದು ಭಾಗ ನುಂಗಿದವು. ಇದರ ಮುಂದೆ ಆ ಯೂಟ್ಯೂಬ್ ತಂಡದ ಶೇ 1ರ ವ್ಯತ್ಯಾಸ ಯಾವ ಲೆಕ್ಕ?

ವೇಗಕ್ಕೆ ಇರುವ ಇನ್ನೊಂದು ದೋಷವೂ ನಮ್ಮ ಕಡೆ ಅಷ್ಟಾಗಿ ಕಾಡುವುದಿಲ್ಲ. ಲಿಥಿಯಂ ಲೋಹವಾಗಿ ಮೆತ್ತಿಕೊಳ್ಳುವುದು ಹೆಚ್ಚಾಗಿ ಚಳಿಯಲ್ಲಿ. ಚಳಿಗೆ ಬಸ್ಸಿನೊಳಗಿನ ಜನ ಮುದುಡಿ ಕೂತು ಸರಿಯಲು ಒಪ್ಪದ ಹಾಗೆ. ಅದಕ್ಕೇ ಚಳಿದೇಶಗಳಲ್ಲಿ ವಿದ್ಯುತ್ ಕಾರುಗಳು ವೇಗದ ಚಾರ್ಜಿಂಗಿಗೆ ಮೊದಲು ತಮ್ಮ ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಳ್ಳುತ್ತವೆ. ನಮ್ಮಲ್ಲಿ ಆ ಖರ್ಚಿಲ್ಲ. ಇಲ್ಲಿ ಆಗುವುದು ಉಲ್ಟಾ. ಮೇ ತಿಂಗಳ ಮಧ್ಯಾಹ್ನ ಬ್ಯಾಟರಿ ಆಗಲೇ 40 ದಾಟಿರುವುದರಿಂದ ಫೋನು ಹೆದರಿ ತಾನೇ ಕರೆಂಟು ತಗ್ಗಿಸುತ್ತದೆ. "ಫಾಸ್ಟ್ ಚಾರ್ಜರ್ ಐತಿ, ಫಾಸ್ಟ್ ಆಗ್ತಿಲ್ಲ" ಎಂದು ಜನ ಅಂಗಡಿಗೆ ಬರುತ್ತಾರಂತೆ. ಚಾರ್ಜರಿಗೆ ಏನೂ ಆಗಿರುವುದಿಲ್ಲ. ಬೇಸಿಗೆಯಲ್ಲಿ ಇಲ್ಲಿ ಫಾಸ್ಟ್ ಚಾರ್ಜಿಂಗ್ ನಡೆಯುವುದೇ ಅಪರೂಪ, ಅಪವಾದ ಮಾತ್ರ ಅದರ ಮೇಲೆ.

ಸಂಡೂರಿನ ಕಡೆಗೆ ಹೋದರೆ ಇದರ ಇನ್ನೊಂದು ಮುಖ. ದೋಣಿಮಲೈ, ಯಶವಂತನಗರದ ದಾರಿಯಲ್ಲಿ ಅದಿರು ಹೊರುವ ಲಾರಿಯ ಕ್ಯಾಬಿನ್ನಿನಲ್ಲಿ ಎಂಜಿನ್ನಿನ ಕಾವು ಕೆಳಗಿನಿಂದ, ಬಿಸಿಲು ಗಾಜಿನಿಂದ. ಫೋನು ಇರುವುದು ನಡುವೆ, ಡ್ಯಾಶ್‌ಬೋರ್ಡಿನ ಮೇಲೆ. ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡು 60, 70 ಡಿಗ್ರಿ ಮುಟ್ಟುವುದು ಸಾಮಾನ್ಯ. ಅದರ ಮೇಲೆ ಕೆಂಪು ಧೂಳು. ಒಮ್ಮೆ ಲಾರಿ ಡ್ರೈವರೊಬ್ಬರ ಫೋನಿನ ಚಾರ್ಜಿಂಗ್ ತೂತನ್ನು ಪಿನ್ನಿನಿಂದ ಕೆರೆದಾಗ ಬಂದದ್ದನ್ನು ಕಣ್ಣಾರೆ ನೋಡಿದೆ. ಬಟ್ಟೆಯ ಎಳೆಯ ಜೊತೆ ಕಲಸಿ ಗಟ್ಟಿಯಾದ ಅದಿರಿನ ಪುಡಿ, ಕುಂಕುಮದ ಹರಳಿನಂತೆ. ಚಾರ್ಜರಿನ ಪಿನ್ನು ಒಳಗೆ ಪೂರ್ತಿ ಕೂರದಿದ್ದರೆ ಸಂಪರ್ಕ ಅರೆಬರೆ, ಅರೆಬರೆ ಸಂಪರ್ಕದಲ್ಲಿ ಬಿಸಿ. ಅವರು ಎರಡು ಸಲ ಚಾರ್ಜರ್ ಬದಲಿಸಿದ್ದರು. ಚಾರ್ಜಿಂಗ್ ಬೋರ್ಡು ಬದಲಿಸಲು ಬಂದಿದ್ದರು. ಬಿದ್ದದ್ದು ಧೂಳು, ಹೋದದ್ದು ಹತ್ತು ರೂಪಾಯಿ ಚಹಾದ ದುಡ್ಡು.

ಇನ್ನು ಸದಾ ತುಂಬಿಸಿಡುವ ಚಟ. ಕಂಪ್ಲಿಯ ಕಡೆ ಗದ್ದೆ ಮಾಡುವವರಿಗೆ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೋ ಆ ಹೊತ್ತಿಗೆ ಮೋಟರು ಶುರು ಮಾಡಬೇಕು. ಈಗ ಅದಕ್ಕೆ ಮೊಬೈಲ್ ಸ್ಟಾರ್ಟರ್ ಇದೆ, ಹಾಸಿಗೆಯಿಂದಲೇ ಫೋನು ಹಚ್ಚಿದರೆ ಮೋಟರು ಓಡುತ್ತದೆ. ಹಾಗಾಗಿ ಫೋನು ರಾತ್ರಿಯಿಡೀ ಚಾರ್ಜಿಗೆ ಇರಲೇಬೇಕು. ಮಳೆಗಾಲದಲ್ಲಿ ಡ್ಯಾಂನಿಂದ ನೀರು ಹೆಚ್ಚು ಬಿಟ್ಟರೆ ಕಂಪ್ಲಿ ಗಂಗಾವತಿ ಸೇತುವೆ ಮುಳುಗುತ್ತದೆ. ಆ ದಿನಗಳಲ್ಲಿ ನದಿದಂಡೆಯವರಿಗೆ ಫೋನು ಸತ್ತರೆ ಸುದ್ದಿಯೇ ಸತ್ತಂತೆ. ಇವರಿಗೆ ಹೋಗಿ, ಶೇ 80ಕ್ಕೆ ಎಚ್ಚರವಾಗಿ ಎದ್ದು ಪ್ಲಗ್ಗು ಕೀಳಿ ಎಂದು ಹೇಳುವುದು ಹೇಗೆ? ಆ ಕೆಲಸ ಫೋನಿನದೇ ಆಗಬೇಕು. ಈಗಿನ ಬಹಳಷ್ಟು ಫೋನುಗಳಲ್ಲಿ ಶೇ 80ಕ್ಕೆ ತಾನಾಗಿ ನಿಲ್ಲುವ, ಇಲ್ಲವೇ ಬೆಳಗಿನ ಜಾವಕ್ಕೆ ಮಾತ್ರ ನೂರು ಮುಟ್ಟಿಸುವ ಸೌಲಭ್ಯ ಸೆಟ್ಟಿಂಗ್ಸಿನಲ್ಲಿ ಅಡಗಿದೆ. ಅಡಗಿರುವುದೇ ತೊಂದರೆ. ನೂರು ಸಲ ಜಾಹೀರಾತು ತೋರಿಸುವ ಫೋನು ಇದೊಂದನ್ನು ಒಮ್ಮೆಯೂ ಮುಂದಾಗಿ ಹೇಳುವುದಿಲ್ಲ.

ತುಂಬಿಸದೇ ಬಿಡುವುದರ ಅರ್ಥ ಈ ಸೀಮೆಗೆ ಈಚೆಗಷ್ಟೇ ಗೊತ್ತಾಗಿದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ಮುಂದಿನ ವರ್ಷ, 2025ರಲ್ಲಿ, ಹಳೆಯ ಗೇಟುಗಳ ಮೇಲೆ ಒತ್ತಡ ಬೀಳದಿರಲೆಂದು 105 ಟಿಎಂಸಿ ಹಿಡಿಯುವ ಜಾಗದಲ್ಲಿ 80 ಟಿಎಂಸಿಗೇ ನಿಲ್ಲಿಸಿದರು. ಫೋನಿನ ಶೇ 80ರ ಮಿತಿಯ ಹಿಂದಿರುವುದೂ ಇದೇ ವಿಚಾರ. ತುಂಬಿದ ಬ್ಯಾಟರಿಯಲ್ಲಿ ವೋಲ್ಟೇಜಿನ ಒತ್ತಡ ಗರಿಷ್ಠ, ಒತ್ತಡವಿದ್ದಷ್ಟೂ ಒಳಗಿನ ಬೇಡದ ಕ್ರಿಯೆಗಳು ಚುರುಕು. ಹೋಲಿಕೆಯನ್ನು ಇದಕ್ಕಿಂತ ಎಳೆಯಬಾರದು, ಡ್ಯಾಂನ ಹೂಳು ಮೇಲಿನಿಂದ ಹರಿದು ಬರುತ್ತದೆ, ಬ್ಯಾಟರಿಯ ಹೂಳು ಒಳಗೇ ಹುಟ್ಟುತ್ತದೆ. ಆದರೆ 80 ಟಿಎಂಸಿಗೆ ನಿಲ್ಲಿಸಿದಾಗ ರೈತರು ಕೇಳಿದ ಪ್ರಶ್ನೆಯನ್ನು ಫೋನಿಗೂ ಕೇಳಲೇಬೇಕು: ಉಳಿಸುವುದಕ್ಕೆಂದು ಬಳಸದೆ ಬಿಟ್ಟರೆ ನಷ್ಟ ಯಾರಿಗೆ?

ಇಲ್ಲಿ ನನಗೆ ಬ್ಯಾಟರಿ ಪಂಡಿತರ ಜೊತೆ ಭಿನ್ನಾಭಿಪ್ರಾಯವಿದೆ. ಮೂರು ವರ್ಷ ಕಳೆದ ಮೇಲೆ ಶೇ 20 ಕಳೆದುಹೋಗುತ್ತದೆಂದು ಹೆದರಿ ಇವತ್ತಿನಿಂದಲೇ ಶೇ 20 ಬಿಟ್ಟುಕೊಡಿ ಎನ್ನುತ್ತಾರೆ. ಯಾವ ನಷ್ಟಕ್ಕೆ ಹೆದರುತ್ತೇವೋ ಆ ನಷ್ಟವನ್ನು ಮೊದಲ ದಿನದಿಂದ ಕೈಯಾರೆ ಅನುಭವಿಸುವುದು ಯಾವ ಜಾಣತನ? ಇಡೀ ದಿನ ಪ್ಲಗ್ಗಿಗೆ ಅಂಟಿಕೊಂಡೇ ಇರುವ ಅಂಗಡಿ ಗಲ್ಲಾದ ಫೋನು, ಆಫೀಸಿನ ಮೇಜಿನ ಫೋನು, ರಾತ್ರಿ ಪಂಪ್‌ಸೆಟ್ಟಿನ ಫೋನು, ಇವಕ್ಕೆ ಮಿತಿ ಹಾಕಿ. ಕಳೆದುಕೊಳ್ಳುವುದು ಏನೂ ಇಲ್ಲ. ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಹತ್ತಕ್ಕೆ ಮನೆ ಸೇರುವ ಆಟೊದವನ ಕತೆ ಬೇರೆ. ಬಾಡಿಗೆ ಬರುವುದು ಫೋನಿಗೆ, ದುಡ್ಡು ಬರುವುದು ಯುಪಿಐಗೆ, ದಾರಿ ತೋರಿಸುವುದೂ ಅದೇ. ಮಧ್ಯಾಹ್ನ ಮಿರ್ಚಿ ಒಗ್ಗರಣೆ ತಿನ್ನುವ ಹದಿನೈದು ನಿಮಿಷದಲ್ಲಿ ಅರ್ಧ ಬ್ಯಾಟರಿ ತುಂಬಿದರೆ ಅವನ ಸಂಜೆಯ ಸಂಪಾದನೆ ಉಳಿಯಿತು. ಅವನಿಗೆ ನಿಧಾನವಾಗಿ ಚಾರ್ಜ್ ಮಾಡು ಎನ್ನುವುದು, ಹೊಲದವನಿಗೆ ನಿಧಾನವಾಗಿ ಊಟ ಮಾಡು, ಜೀರ್ಣಕ್ಕೆ ಒಳ್ಳೆಯದು ಎಂದ ಹಾಗೆ. ಮಾತೇನೋ ಸರಿ, ಹೇಳುವವರಿಗೆ ಪುರುಸೊತ್ತಿದೆ. ಹಂಪಿಯಲ್ಲಿ ವಿಜಯನಗರ ಕಾಲದಿಂದಲೂ ಹರಿಯುತ್ತಿರುವ ಒಂದು ಕಾಲುವೆಗೆ ತುರ್ತು ಕಾಲುವೆ ಎಂದೇ ಹೆಸರು. ಅವಸರ ಎಂಬುದು ಈ ಊರಿಗೆ ಹೊಸದಾಗಿ ಬಂದ ದುರ್ಗುಣವೇನಲ್ಲ.

ಆಟೊದವನಿಗೆ ಕೊಡಬೇಕಾದ ಸಲಹೆ ಬೇರೆ ಇದೆ. ಚಾರ್ಜಿಗೆ ಹಾಕುವಾಗ ಬಿಸಿಲಿನಿಂದ ತೆಗೆದು ನೆರಳಿಗಿಡು, ದಪ್ಪ ಕವರ್ ಬಿಚ್ಚು, ಆ ಹದಿನೈದು ನಿಮಿಷ ಗೇಮ್ ಆಡಬೇಡ. ಕಾದ ಫೋನನ್ನು ತಣಿಸಲು ಫ್ರಿಜ್ಜಿನಲ್ಲಿ ಇಡುವವರನ್ನೂ ಕಂಡಿದ್ದೇನೆ. ಒಳಗೆ ನೀರು ಹನಿಗಟ್ಟಿ ಇನ್ನೊಂದು ರಿಪೇರಿಗೆ ದಾರಿಯಾಗುತ್ತದೆ, ಫ್ಯಾನಿನ ಗಾಳಿ ಸಾಕು.

ಈಗ ನಿಜವಾದ ಜಗಳಕ್ಕೆ ಬರೋಣ. 2007ರ ಆಗಸ್ಟಿನಲ್ಲಿ ನೋಕಿಯಾ ತನ್ನ ಬಿಎಲ್-5ಸಿ ಬ್ಯಾಟರಿಗಳ ಪೈಕಿ 4.6 ಕೋಟಿಯಷ್ಟು ಬಿಸಿಯಾಗಬಹುದು ಎಂದು ಎಚ್ಚರಿಕೆ ಕೊಟ್ಟಿತು. ಊರೂರಲ್ಲಿ ಗಾಬರಿಯೋ ಗಾಬರಿ. ಆದರೆ ಆಗ ನಾವು ಮಾಡಿದ್ದೇನು? ಉಗುರಿನಿಂದ ಹಿಂದಿನ ಮುಚ್ಚಳ ಸರಿಸಿ, ಬ್ಯಾಟರಿ ಎತ್ತಿ, ಅದರ ಮೇಲಿನ ನಂಬರ್ ಓದಿದೆವು. ಬದಲಿಸಬೇಕಿದ್ದವರು ಬದಲಿಸಿದರು. ಓದು ಬಾರದ ಅಜ್ಜಿಯೂ ಅದನ್ನು ಮಾಡಬಲ್ಲವಳಾಗಿದ್ದಳು. ಚಾರ್ಜರ್ ಕೆಟ್ಟರೆ ಬ್ಯಾಟರಿಯನ್ನೇ ಬಿಚ್ಚಿ ಕ್ಲಿಪ್ಪಿಗೆ ಸಿಕ್ಕಿಸುವ, ಬಣ್ಣದ ಲೈಟು ಮಿಣುಕಿಸುವ ಇನ್ನೊಂದು ಚಾರ್ಜರ್ ಇತ್ತು. ಕರೆಂಟು ಹೋಗುವ ಊರಿನವರು ಜೇಬಿನಲ್ಲಿ ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳುತ್ತಿದ್ದರು. ಅದಕ್ಕಿಂತ ಫಾಸ್ಟ್ ಚಾರ್ಜಿಂಗ್ ಇನ್ನೂ ಹುಟ್ಟಿಲ್ಲ, ಸೊನ್ನೆಯಿಂದ ನೂರಕ್ಕೆ ಹತ್ತು ಸೆಕೆಂಡು!

ಈಗ ಬ್ಯಾಟರಿ ಅಂಟಿನಲ್ಲಿ ಹೂತುಹೋಗಿದೆ. ತೆಳ್ಳಗಾಗಲು, ನೀರು ತಡೆಯಲು ಇದು ಅನಿವಾರ್ಯ ಎಂಬುದು ಕಂಪನಿಗಳ ಸಮಜಾಯಿಷಿ. ಅದರಲ್ಲಿ ಅರ್ಧ ಹುರುಳಿದೆ. ಆದರೆ ಹಳೆಯ ಬ್ಯಾಟರಿಯ ಐಫೋನುಗಳನ್ನು ತಾನೇ ನಿಧಾನ ಮಾಡುತ್ತಿದ್ದೇನೆ ಎಂದು 2017ರ ಡಿಸೆಂಬರಿನಲ್ಲಿ ಆ್ಯಪಲ್ ಒಪ್ಪಿಕೊಂಡದ್ದು, ಆಮೇಲೆ ಬ್ಯಾಟರಿಯ ಬೆಲೆ 79 ಡಾಲರಿನಿಂದ 29ಕ್ಕೆ ಇಳಿಸಿದ್ದು ಮರೆಯುವಂಥದ್ದಲ್ಲ. ಹೊಸ ಫೋನು ಬೇಕೆಂದುಕೊಂಡಿದ್ದ ಎಷ್ಟೋ ಜನಕ್ಕೆ ಬೇಕಿದ್ದದ್ದು ಹೊಸ ಬ್ಯಾಟರಿ ಮಾತ್ರ. ಸಂಡೂರಿನ ಲಾರಿ ಮಾಲೀಕನಿಗೆ ಟೈರು ಸವೆಯುತ್ತದೆಂದು ಬೇಸರವಿಲ್ಲ. ಇಷ್ಟು ಟ್ರಿಪ್ಪಿಗೆ ಒಂದು ಜೊತೆ ಎಂದು ಮೊದಲೇ ಲೆಕ್ಕ ಇಟ್ಟಿರುತ್ತಾನೆ. ಟೈರನ್ನು ಚಾಸಿಗೆ ವೆಲ್ಡ್ ಮಾಡಿ ಕೊಟ್ಟರೆ ಆ ಲಾರಿಯನ್ನು ಅವನು ಕೊಳ್ಳುತ್ತಾನೆಯೇ? ನಾವು ಕೊಳ್ಳುತ್ತಿರುವುದು ಅಂಥ ಲಾರಿಯನ್ನು. ಜೊತೆಗೆ, ಟೈರು ಸವೆಸಿದವನು ನೀನೇ, ಜೋರಾಗಿ ಓಡಿಸಿದೆ ಎಂಬ ಬೈಗುಳವನ್ನೂ.

ಯುರೋಪು ಈ ವಿಷಯದಲ್ಲಿ ಕಾನೂನು ಮಾಡಿಕೊಂಡಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುವ ಫೋನಿನ ಬ್ಯಾಟರಿ 800 ಸುತ್ತಿನ ನಂತರವೂ ಶೇ 80 ಉಳಿಸಿಕೊಂಡಿರಬೇಕು, ಬಿಡಿಭಾಗಗಳು ವರ್ಷಗಟ್ಟಲೆ ಸಿಗಬೇಕು. 2027ರ ಫೆಬ್ರುವರಿಯಿಂದ ಬಳಸುವವರೇ ಬಿಚ್ಚಿ ಬದಲಿಸುವಂತಿರಬೇಕೆಂಬ ನಿಯಮ ಬರುತ್ತದೆ, ಗಟ್ಟಿಮುಟ್ಟಾಗಿ ಬಾಳುವ ಬ್ಯಾಟರಿಗಳಿಗೆ ವಿನಾಯಿತಿ ಇಟ್ಟುಕೊಂಡು. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಬಂತು. ಯಾವ ಉಪಕರಣ ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆಂದು ಅಂಕ ಕೊಡುವ ಸೂಚ್ಯಂಕದ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯ ಸಮಿತಿ 2025ರಲ್ಲಿ ವರದಿಯನ್ನೂ ಕೊಟ್ಟಿದೆ. ಒಳ್ಳೆಯದೇ. ಆದರೆ ಭಾರತದ ಸೂಚ್ಯಂಕಕ್ಕೆ ಯುರೋಪಿನ ನಕಲು ಸಾಲದು. 25 ಡಿಗ್ರಿಯ 800 ಸುತ್ತು ಕಂಪ್ಲಿಯಲ್ಲಿ ಎಷ್ಟು ಸುತ್ತು? 40 ಡಿಗ್ರಿಯಲ್ಲಿ ಪರೀಕ್ಷಿಸಿ ಆ ಸಂಖ್ಯೆಯನ್ನು ಡಬ್ಬದ ಮೇಲೆ ಬರೆಯಬೇಕು. 80 ವಾಟ್ ಎಂದು ಹೆಬ್ಬೆರಳ ಗಾತ್ರದ ಅಕ್ಷರದಲ್ಲಿ ಬರೆಯಲು ಜಾಗವಿರುವ ಡಬ್ಬದಲ್ಲಿ ಇದಕ್ಕೂ ಜಾಗವಿರುತ್ತದೆ.

ಬದಲಿಸುವ ಬ್ಯಾಟರಿಯ ವಿಷಯವೂ ಗೋಜಲೇ. ಅಂಗಡಿಯಲ್ಲಿ "ಒರಿಜಿನಲ್" ಎಂಬ ಪದಕ್ಕೆ ಮೂರು ಬೆಲೆಗಳಿದ್ದವು. ಹುಡುಗ ಪ್ರಾಮಾಣಿಕ, ಮೂರನ್ನೂ ಮುಂದಿಟ್ಟ. ನಡುವಿನದರ ಮೇಲೆ ಐಎಸ್ 16046 ಎಂಬ ಸಂಖ್ಯೆ, ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ ನೋಂದಣಿ ಸಂಖ್ಯೆ ಇದ್ದವು. ಅಗ್ಗದ್ದರ ಮೇಲೆ ಕಂಪನಿಯ ಹೆಸರು ದೊಡ್ಡದಾಗಿತ್ತು, ಬೇರೇನೂ ಇರಲಿಲ್ಲ. ಕಂಪನಿಯ ಸರ್ವಿಸ್ ಸೆಂಟರಿಗೆ ಫೋನು ಮಾಡಿದ್ದೆ. ಮಾಡೆಲ್ ಹಳೆಯದು, ಬ್ಯಾಟರಿ ತರಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು, ಅದರ ಬದಲು ಎಕ್ಸ್‌ಚೇಂಜ್ ಆಫರ್ ಇದೆ ಎಂದಿದ್ದರು. ಫೋನಿಗೆ ಆಗಿದ್ದದ್ದು ಮೂರು ವರ್ಷ.

ನಡುವಿನ ಬೆಲೆಯದನ್ನೇ ಹಾಕಿಸಿದೆ. ಅಕ್ಕನ ಮಗ ಈಗಲೂ ಒಪ್ಪಿರಲಿಲ್ಲ, 80 ವಾಟಿನ ಚಾರ್ಜರನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ ಎಂದು ಗೊಣಗಿದ. ಹುಡುಗ ಉಬ್ಬಿದ ಹಳೆಯದನ್ನು ಎರಡು ಬೆರಳಲ್ಲಿ ಹಿಡಿದು, ಕೌಂಟರಿನ ಕೆಳಗಿದ್ದ ಮರಳು ತುಂಬಿದ ಎಣ್ಣೆಡಬ್ಬಕ್ಕೆ ಮೆಲ್ಲಗೆ ಇಳಿಸಿದ. ಬಗ್ಗಿ ನೋಡಿದೆ. ಒಳಗೆ ಅಂಥವೇ ಇಪ್ಪತ್ತೈದು ಮೂವತ್ತು, ಕಪ್ಪು, ಬೆಳ್ಳಿ ಬಣ್ಣದವು, ಒಂದಕ್ಕಿಂತ ಒಂದು ದುಂಡಗೆ. ಬಳಸಿದ ಬ್ಯಾಟರಿಯನ್ನು ವಾಪಸ್ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಕರದು ಎಂದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹೇಳುತ್ತವೆ. ಯಾರು ಒಯ್ಯುತ್ತಾರೆ ಎಂದು ಕೇಳಿದೆ. ಗುಜರಿಯವನು ಬರುತ್ತಾನಂತೆ.

"ಯಾವಾಗ್ಲೂ ಇಷ್ಟು ಬರ್ತಾವಾ?"

"ಇಲ್ರಿ ಸರ್. ಬ್ಯಾಸಿಗ್ಯಾಗ ತಿಂಗಳಿಗೊಂದು ಡಬ್ಬಿ ತುಂಬ್ತೈತೆ. ಮಳೆ ಶುರುವಾದ್ರೆ ದೀಪಾವಳಿತನ ಇದೇ ಡಬ್ಬಿ ಸಾಕು" ಎಂದು ಅವನು ಮುಚ್ಚಳ ಹಾಕಿ, ಮುಂದಿನ ಗಿರಾಕಿಯ ಫೋನನ್ನು ಬಿಸಿ ಹಲಗೆಯ ಮೇಲಿಟ್ಟ.